ಮಾಜಿ ಅಧ್ಯಕ್ಷನಿಗೆ ಒಂದು ಗ್ಲಾಸು

ಕಾಲ್ಯಾರಿ
9 ನವೆಂಬರ್ 1998

ಮಿಂತೋನಿಯಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಒಲೆಗೆ ಹಾಕಿಬಿಡಬೇಡ. ಓದು, ಆಮೇಲೆ ಬೇಕಾದರೆ ಹಾಕು. ಏಳು ವರ್ಷದಿಂದ ನಾನು ನಿನಗೆ ಒಂದು ಸಾಲು ಬರೆದಿಲ್ಲ, ನೀನೂ ಬರೆದಿಲ್ಲ. ನನ್ನ ಹೆಂಡತಿ ಲೂಚಿಯಾ ತೀರಿಕೊಂಡಾಗ ಮಾತ್ರ ನೀನು ಬಸ್ಸಿನ ಡ್ರೈವರ್ ಕೈಲಿ ಒಂದು ಕಟ್ಟು ರೊಟ್ಟಿ ಕಳಿಸಿದ್ದೆ. ಬಟ್ಟೆ ಬಿಚ್ಚಿ, ಚೀಟಿ ಇದೆಯೇನೋ ಎಂದು ಹುಡುಕಿದೆ, ಇರಲಿಲ್ಲ. ರೊಟ್ಟಿ ಮಾತ್ರ ನಮ್ಮೂರಿನದೇ, ಹಪ್ಪಳದ ಹಾಗೆ ಗರಿಗರಿ. ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ಅವತ್ತು ಅತ್ತದ್ದು ಯಾರಿಗಾಗಿ ಎಂದು ಈಗಲೂ ಸರಿಯಾಗಿ ಹೇಳಲಾರೆ.

ಸುದ್ದಿ ನಿಮ್ಮ ಬಾರಿನ ಟೀವಿಯಲ್ಲಿ ಬಂದೇ ಇರುತ್ತದೆ. ಸಾರ್ಡೀನಿಯಾದ ನನ್ನ ಸರ್ಕಾರ ಬಿತ್ತು. ಬೀಳಿಸಿದವರು ಎದುರು ಪಕ್ಷದವರಲ್ಲ, ನಮ್ಮವರೇ. ನೀನೂ ನಾನೂ ಕಟ್ಟಿದ ದ್ವೀಪ ಪಕ್ಷದ ಹುಡುಗರು ವಿಶ್ವಾಸಮತದ ದಿನ ನನ್ನ ವಿರುದ್ಧ ಕೈ ಎತ್ತಿದರು. ಮರುದಿನ ಅವರಲ್ಲೊಬ್ಬ ಹೂವು ಹಿಡಿದುಕೊಂಡು ಮನೆಗೆ ಬಂದ. "ಅಧ್ಯಕ್ಷರೇ, ನೀವು ನಮ್ಮ ಇತಿಹಾಸ" ಅಂದ. ಇತಿಹಾಸ ಅಂದರೇನು ಗೊತ್ತಾ, ಮನುಷ್ಯ ಇನ್ನೂ ಉಸಿರಾಡುತ್ತಿರುವಾಗಲೇ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು. ಹೂವನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟೆ.

ಈಗ ಸಾಮಾನು ಕಟ್ಟುತ್ತಾ ಕೂತಿದ್ದೇನೆ. ಒಂಬತ್ತು ವರ್ಷ ಸರ್ಕಾರ ನಡೆಸಿದವನ ಸಾಮಾನು ಇಷ್ಟೇನಾ ಎಂದು ನನಗೇ ನಗು ಬರುತ್ತದೆ. ಕಟ್ಟುವಾಗ ಸರ್ಕಾರದ ದಿನಗಳು ನೆನಪಾಗುವುದಿಲ್ಲ, ವಿಚಿತ್ರ ನೋಡು. ನೆನಪಾಗುವುದೆಲ್ಲ ನಮ್ಮ ಮೊದಲ ಚುನಾವಣೆ. ನಿನ್ನ ಅಪ್ಪನ ಬಾರಿನ ಹಿಂದಿನ ಕೋಣೆ, ಹಿಟ್ಟು ಕಲಸಿ ನೀನು ಕಾಯಿಸುತ್ತಿದ್ದ ಅಂಟು, ನಮ್ಮ ಕುರಿಗಾಹಿ ಬೊಬೊರೆಯ ಮೂರು ಗಾಲಿಯ ಗಾಡಿ. ಅವನು ಓಡಿಸುತ್ತಿದ್ದ, ನಾವಿಬ್ಬರೂ ಹಿಂದೆ ಗಿಣ್ಣಿನ ಡಬ್ಬಗಳ ನಡುವೆ ಪೋಸ್ಟರ್ ಹಿಡಿದುಕೊಂಡು ಕೂತಿರುತ್ತಿದ್ದೆವು. ತಿರುವಿನಲ್ಲಿ ಗಾಡಿ ವಾಲಿದಾಗ ನೀನು ನನ್ನ ತೋಳು ಹಿಡಿದುಕೊಳ್ಳುತ್ತಿದ್ದೆ, ನೇರ ದಾರಿ ಬಂದ ತಕ್ಷಣ ಬಿಟ್ಟುಬಿಡುತ್ತಿದ್ದೆ. ಆ ರಸ್ತೆಯಲ್ಲಿ ತಿರುವುಗಳು ಇನ್ನಷ್ಟಿರಬಾರದಿತ್ತೇ ಅನ್ನಿಸುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗೆ ಅಂಟಿಸಿದ ನನ್ನ ಮುಖವನ್ನು ಮೇಕೆ ತಿಂದುಹಾಕಿತ್ತು, ಹಿಟ್ಟಿನ ಆಸೆಗೆ.

ಸುತ್ತಿ ಬಳಸಿ ಏನು ಪ್ರಯೋಜನ, ಕೇಳಿಬಿಡುತ್ತೇನೆ. ನಾನು ಊರಿಗೆ ಬರಬೇಕು. ಹಬ್ಬಕ್ಕೆ ಬಂದು ಹೋಗುವುದಕ್ಕಲ್ಲ, ಇರುವುದಕ್ಕೆ. ಸಾಯುವ ತನಕ ಇರುವುದಕ್ಕೆ. ಬರಬಹುದೇ? ಊರು ನನ್ನನ್ನು ಸೇರಿಸುತ್ತದೆಯೇ? ಬೇರೆ ಯಾರನ್ನು ಕೇಳಿದರೂ ನನಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ.

ಗೊನಾರಿಯೊ ಸೊದ್ದು


ಲೋಡುಲೆ
27 ನವೆಂಬರ್ 1998

ಗೊನಾರಿಯೊ,

ಒಲೆಗೆ ಹಾಕಲಿಲ್ಲ. ಒಲೆ ಇನ್ನೂ ಹೊತ್ತಿಸಿರಲಿಲ್ಲ, ಅಷ್ಟೇ ಕಾರಣ.

ಮೊದಲು ಒಂದು ತಿದ್ದುಪಡಿ. ಮೇಕೆ ತಿಂದದ್ದು ನಿನ್ನ ಮುಖವನ್ನಲ್ಲ. ಅದರ ಕೆಳಗೆ ನಾನು ಕೈಯಾರೆ ಬರೆದಿದ್ದ "ಸ್ವಾಭಿಮಾನ" ಎಂಬ ಪದವನ್ನು. ನಿನ್ನ ಮುಖವನ್ನು ಮೂಸಿ ನೋಡಿ ಹಾಗೇ ಬಿಟ್ಟುಹೋಗಿತ್ತು. ಅಪ್ಪ ಎಷ್ಟು ನಕ್ಕಿದ್ದರು. "ಮೇಕೆಗೂ ರಾಜಕೀಯ ಗೊತ್ತಾಗ್ತದೆ ಕಣೇ" ಅಂದಿದ್ದರು. ಅವತ್ತು ನೀನೂ ನಕ್ಕಿದ್ದೆ. ಅಧ್ಯಕ್ಷನಾದ ಮೇಲೆ ಕಥೆಯನ್ನೂ ನಿನಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದೀಯ.

ಈಗ ನಿನ್ನ ಪ್ರಶ್ನೆ. ನಿನ್ನ ಅಮ್ಮನ ಮನೆ ಗಟ್ಟಿಯಾಗಿದೆ, ಹೋದ ವರ್ಷ ನಾನೇ ಹೆಂಚು ತೆಗೆಸಿ ಹಾಕಿಸಿದೆ. ಯಾಕೆ ಹಾಕಿಸಿದೆ ಎಂದು ಕೇಳಬೇಡ. ಬೀಗದ ಕೈ ನನ್ನ ಹತ್ತಿರ ಇದೆ. ಮನೆಗೆ ಬರಲು ನೀನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ಮನೆಯೊಂದೇ ಊರಲ್ಲ. ಊರು ಸೇರಿಸುತ್ತದೆಯೋ ಇಲ್ಲವೋ ಎಂಬುದು ನಮ್ಮ ಬಾರಿನಲ್ಲಿ ಗೊತ್ತಾಗುತ್ತದೆ, ನಿನಗೂ ಅದು ಗೊತ್ತು. ಕಾಲ್ಯಾರಿಯ ನೀರು ಕುಡಿದು ಮರೆತಿದ್ದರೆ ನೆನಪಿಸುತ್ತೇನೆ. ಕುಂಬಿದುವಿನ ಕ್ರಮ ಇನ್ನೂ ಹಾಗೇ ಇದೆ. ಒಳಗಿರುವವನು ಒಳಗೆ ಬಂದವನಿಗೆ ಒಂದು ಗ್ಲಾಸು ಕೊಡಿಸಬೇಕು. ಬಂದವನು ತಾನೇ ಜೇಬಿಗೆ ಕೈ ಹಾಕುವಂತಿಲ್ಲ. ಕೊಡಿಸಿದ್ದನ್ನು ಬೇಡ ಎನ್ನುವಂತೆಯೂ ಇಲ್ಲ, ಎಂದರೆ ಕೊಡಿಸಿದವನ ಮುಖಕ್ಕೆ ಉಗುಳಿದ ಹಾಗೆ. ಬಂದವನನ್ನು ಯಾರೂ "ಏನು ತಗೋತೀಯ" ಎಂದು ಕೇಳದೆ ಹೋದರೆ ಅವನು ಈ ಊರಿನವನಲ್ಲ, ಹತ್ತು ತಲೆಮಾರು ಇಲ್ಲೇ ಸತ್ತಿದ್ದರೂ ಅಲ್ಲ.

ಬಾರಿನಲ್ಲಿ ಸಂಜೆ ಮೊದಲ ಮಾತು ಬೊಬೊರೆಯದು. ಅವನು ನಿನ್ನನ್ನು ಕೇಳಿದರೆ ಎಲ್ಲರೂ ಕೇಳುತ್ತಾರೆ. ಅವನು ಸುಮ್ಮನಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಅವನು ಯಾಕೆ ಸುಮ್ಮನಿರುತ್ತಾನೆ ಎಂಬುದನ್ನು ನಿನ್ನ ಕಾಗದದಲ್ಲಿ ಎಲ್ಲಿಯೂ ಬರೆದಿಲ್ಲ ನೀನು. ನಾನು ಬರೆಯುತ್ತೇನೆ. ಬೆದೋರೊ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಲು ನೀನು ಸಹಿ ಹಾಕಿದ ಆ ಚಳಿಗಾಲದಲ್ಲೇ ಅವನ ಮಗಳು ಅನ್ನೆದ್ದಾಗೆ ನೋವು ಬಂತು. ಬೆದೋರೊ ಇಲ್ಲೇ ಕೆಳಗೆ. ಆದರೆ ದೂರದ ನೂವೊರೊಗೆ ಹೋಗಬೇಕಾಯಿತು, ಹಿಮ ಬೀಳುತ್ತಿತ್ತು, ಆ ದಾರಿ ನಿನಗೆ ಗೊತ್ತು. ಮಗು ಬೊಬೊರೆಯ ವ್ಯಾನಿನಲ್ಲೇ ಹುಟ್ಟಿತು. ನೂವೊರೊ ಕಾಣುವ ಮೊದಲೇ ತೀರಿಹೋಯಿತು. "ಬೆಟ್ಟದ ಮಗು ಬೆಟ್ಟದಲ್ಲೇ ಹುಟ್ಟಬೇಕು" ಎಂದು ಅಪ್ಪನ ಹಿಂದಿನ ಕೋಣೆಯಲ್ಲಿ ಮೇಜು ಕುಟ್ಟಿದವನು ನೀನು. ಮಗು ಹೋದ ದಿನವೇ ನಾನು ಪಕ್ಷದ ಕಾರ್ಯದರ್ಶಿ ಕೆಲಸ ಬಿಟ್ಟು ಕೌಂಟರಿನ ಹಿಂದೆ ನಿಂತದ್ದು.

ಬೊಬೊರೆ ಈ ಏಳು ವರ್ಷದಲ್ಲಿ ನಿನ್ನನ್ನು ಬೈದದ್ದು ಒಂದು ಸಲವೂ ಕೇಳಿಲ್ಲ. ಟೀವಿಯಲ್ಲಿ ನಿನ್ನ ಮುಖ ಬಂದರೆ ಎದ್ದು ಹೊರಗೆ ಹೋಗಿ ಬೀದಿ ನೋಡುತ್ತಾ ನಿಲ್ಲುತ್ತಾನೆ, ಮುಗಿದ ಮೇಲೆ ಒಳಗೆ ಬರುತ್ತಾನೆ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬರುವುದಾದರೆ ಇದೆಲ್ಲ ತಿಳಿದುಕೊಂಡು ಬಾ.

ಮಿಂತೋನಿಯಾ ಕ್ವಾಲ್ಬು


ಕಾಲ್ಯಾರಿ
15 ಡಿಸೆಂಬರ್ 1998

ಮಿಂತೋನಿಯಾ,

ನಿನ್ನ ಕಾಗದ ಓದಿ ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ಭಾಷಣದ ವಾಸನೆ ಬರುತ್ತಿತ್ತು. ಇದರಲ್ಲೂ ಬಂದರೆ ಕ್ಷಮಿಸು, ರೂಢಿ.

ನೀನು ಹೇಳಿದ್ದೆಲ್ಲ ನಿಜ. ಆದರೆ ನನ್ನ ಕಡೆಯದೂ ಒಂದಿದೆ, ನೀನು ಕೇಳಬೇಕು. ಆ ವರ್ಷ ರೋಮಿನ ಕೇಂದ್ರ ಸರ್ಕಾರದವರು ನನ್ನ ಮುಂದೆ ಎರಡು ವಿಷಯ ಇಟ್ಟರು. ಒಂದು, ಬೆಟ್ಟದ ಸಣ್ಣ ಆಸ್ಪತ್ರೆಗಳ ಖರ್ಚು. ಇನ್ನೊಂದು, ದ್ವೀಪದವರಿಗೆ ಹಡಗಿನ ದರದಲ್ಲಿ ರಿಯಾಯಿತಿ. ಎರಡರಲ್ಲಿ ಒಂದು ಆರಿಸಿಕೊಳ್ಳಿ ಎಂದರು, ಮಕ್ಕಳಿಗೆ ಮಿಠಾಯಿ ತೋರಿಸುವ ಹಾಗೆ. ಎರಡೂ ಬೇಕು ಎಂದು ಎದ್ದು ಬಂದೆ. ಮತ್ತೆ ಕರೆದರು, ಮತ್ತೆ ಎದ್ದು ಬಂದೆ. ಮೂರನೆಯ ಸಲ ಏಳಲಿಲ್ಲ.

ಯಾಕೆ ಗೊತ್ತಾ? ನನ್ನ ಅಣ್ಣ ಬಾಸ್ತಿಯಾನು ನೆನಪಿದ್ದಾನಲ್ಲ, ಬೆಲ್ಜಿಯಂ ಗಣಿಗೆ ಹೋದವನು. ಅಮ್ಮ ಸತ್ತಾಗ ಅವನು ಬರಲಿಲ್ಲ. ಊರಲ್ಲಿ ಎಲ್ಲರೂ ಅವನದು ಕಲ್ಲುಮನಸ್ಸು ಅಂದರು. ಅವನ ಹತ್ತಿರ ಹಡಗಿಗೆ ಕೊಡಲು ಇರಲಿಲ್ಲ, ಅಷ್ಟೇ. ಅದನ್ನು ಹೇಳಿಕೊಳ್ಳಲು ನಾಚಿಕೆಪಟ್ಟು ಕಲ್ಲುಮನಸ್ಸಿನವನು ಅನ್ನಿಸಿಕೊಂಡೇ ಸತ್ತ. ಸಹಿ ಹಾಕುವಾಗ ನನ್ನ ಕಣ್ಣ ಮುಂದೆ ಇದ್ದವನು ಅವನೊಬ್ಬನೇ. ಹುಟ್ಟಬೇಕಾದ ಮಕ್ಕಳು ಕಣ್ಣಿಗೆ ಕಾಣುವುದಿಲ್ಲ ಮಿಂತೋನಿಯಾ, ಸತ್ತ ಅಣ್ಣ ಕಾಣುತ್ತಾನೆ. ಇವತ್ತು ತುರಿನ್‌ನಿಂದ ನಿನ್ನ ಮಗ ಈಸ್ಟರಿಗೂ ಬರುತ್ತಾನೆ, ದ್ರಾಕ್ಷಿ ಕೊಯ್ಲಿಗೂ ಬರುತ್ತಾನೆ. ಅವನು ಬಂದ ದಿನ ನೀನು ಬಾಗಿಲಲ್ಲಿ ನಿಂತಿರುತ್ತೀಯಲ್ಲ, ಅದರಲ್ಲಿ ನನ್ನ ಸಹಿಯೂ ಸ್ವಲ್ಪ ಇದೆ.

ಈ ಮಾತನ್ನು ಬೊಬೊರೆಗೆ ಹೇಳಲು ಆಗುತ್ತದೆಯೇ? ಆಗುವುದಿಲ್ಲ. ಅದು ನನಗೆ ಗೊತ್ತು.

ಮೊದಲ ಸಲ ಗೆದ್ದು ಶಾಸನಸಭೆಗೆ ಹೋದ ದಿನ ಅವನು ಇಡೀ ಬಸ್ಸು ತುಂಬಿಸಿಕೊಂಡು ಬಂದಿದ್ದ, ಗಿಣ್ಣು, ವೈನು, ಅಕಾರ್ಡಿಯನ್ ಸಮೇತ. ನಾನು ನಮ್ಮ ಸಾರ್ಡು ಮಾತಿನಲ್ಲಿ ಶುರು ಮಾಡಿದೆ. ಪೀಠದವರು ಗಂಟೆ ಬಾರಿಸಿ, ಇಟಾಲಿಯನ್‌ನಲ್ಲಿ ಮಾತಾಡಿ ಎಂದರು. ಮೇಲೆ ಗ್ಯಾಲರಿಯಿಂದ ಅವನ ದನಿ: "ಮಾತಾಡು ಕಂಪಾರೆ, ಅರ್ಥ ಆಗ್ದಿದ್ರೆ ಅವ್ರು ಕಲೀಲಿ." ಇಬ್ಬರು ಕಾವಲುಗಾರರು ಅವನನ್ನು ಎತ್ತಿಕೊಂಡು ಹೋದರು. ಮೆಟ್ಟಿಲಿಳಿಯುವಾಗ ಅವರಿಗೂ ಗಿಣ್ಣು ತಿನ್ನಿಸಿದನಂತೆ. ಆಮೇಲೆ ಎಷ್ಟು ಭಾಷಣ ಮಾಡಿದೆನೋ, ಅವತ್ತಿನಷ್ಟು ಧೈರ್ಯವಾಗಿ ಯಾವತ್ತೂ ಮಾತಾಡಲಿಲ್ಲ.

ಜನವರಿಯಲ್ಲಿ ಬರುತ್ತೇನೆ. ನಿನ್ನ ಬಾರಿನಲ್ಲಿ, ನಿನ್ನ ಎದುರಿಗೆ, ಆದದ್ದಾಗಲಿ.

ಗೊನಾರಿಯೊ


ಲೋಡುಲೆ
7 ಜನವರಿ 1999

ಗೊನಾರಿಯೊ,

ನನ್ನ ಎದುರಿಗೆ ಆಗುವುದಿಲ್ಲ. ಸೊಂಟದ ಕೀಲು ಸವೆದಿದೆ, ಬದಲಾಯಿಸಬೇಕಂತೆ. ಮಗ ತುರಿನ್‌ನಲ್ಲಿ ಎಲ್ಲ ಏರ್ಪಾಡು ಮಾಡಿದ್ದಾನೆ. ನಾಡಿದ್ದು ಹೊರಡುತ್ತೇನೆ, ಈಸ್ಟರಿನವರೆಗೆ ಅಲ್ಲೇ. ಬಾರನ್ನು ತಂಗಿ ಕಿಸ್ಕೆದ್ದಾ ನೋಡಿಕೊಳ್ಳುತ್ತಾಳೆ. ಬೀಗದ ಕೈಯೂ ಅವಳ ಹತ್ತಿರ.

ಬೇಕೆಂದೇ ಹೋಗುತ್ತಿದ್ದಾಳೆ ಎಂದುಕೊಳ್ಳಬೇಡ. ಆದರೆ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನಾನಿದ್ದರೆ ನೀನು ನನ್ನ ಕೌಂಟರಿನ ಮರೆಯಲ್ಲಿ ಅಡಗಿಕೊಳ್ಳುತ್ತೀಯ. ಮೂವತ್ತು ವರ್ಷ ನೀನು ಮಾಡಿದ್ದು ಅದನ್ನೇ. ಕಷ್ಟದ ಮಾತು ಬಂದಾಗಲೆಲ್ಲ "ಮಿಂತೋನಿಯಾ ಹೇಳ್ತಾಳೆ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದೆ. ಚಪ್ಪಾಳೆ ಬಂದಾಗ ಮಾತ್ರ ಯಾವ ಮೂಲೆಯಿಂದಲೋ ವೇದಿಕೆಗೆ ಹಾರುತ್ತಿದ್ದೆ.

ಹಡಗಿನ ವಿಷಯ. ಎರಡು ವಾರ ಯೋಚನೆ ಮಾಡಿದೆ. ನೀನು ಹೇಳುವುದೂ ನಿಜ, ಬೊಬೊರೆಯ ಮೌನವೂ ನಿಜ. ಎರಡು ನಿಜವನ್ನು ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವುದು ನನ್ನಿಂದಾಗದು, ನಿನ್ನಿಂದಲೂ ಆಗಬಾರದಿತ್ತು. ಈಗ ನಾನು ತುರಿನ್‌ಗೆ ಹೋಗುತ್ತಿರುವುದೂ ನಿನ್ನ ಅದೇ ಹಡಗಿನಲ್ಲಿ. ಟಿಕೆಟು ಅಗ್ಗ. ಅದನ್ನು ಒಪ್ಪಿಕೊಳ್ಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಬಾಸ್ತಿಯಾನುವಿನ ವಿಷಯ ನನಗೆ ಗೊತ್ತಿರಲಿಲ್ಲ. ಊರಿನವರ ಜೊತೆ ಸೇರಿ ನಾನೂ ಅವನನ್ನು ಕಲ್ಲುಮನಸ್ಸಿನವನು ಎಂದಿದ್ದೆ.

ಮೊನ್ನೆ ಹಿಂದಿನ ಕೋಣೆ ಗುಡಿಸಿದೆ. ಅಲ್ಲಿ ಏನೂ ಉಳಿದಿಲ್ಲ, ಖಾಲಿ ಬಾಟಲಿಗಳು ಅಷ್ಟೇ. ಆದರೂ ಸ್ವಲ್ಪ ಹೊತ್ತು ಕೂತೆ. ನೀನು ಕಿಟಕಿ ಪಕ್ಕ, ಬೊಬೊರೆ ಬಾಗಿಲಿಗೆ ಒರಗಿ, ನಾನು ಮೇಜಿನ ಮೇಲೆ ಕಾಲು ಇಳಿಬಿಟ್ಟು. ಅಪ್ಪ ಮಧ್ಯೆ ಮಧ್ಯೆ ಇಣುಕಿ, "ದೇಶ ಸಿಕ್ತಾ, ಇಲ್ಲಾ ಇನ್ನೊಂದು ಬಾಟಲಿ ತರಲಾ" ಎನ್ನುತ್ತಿದ್ದರು. ಮೂವರ ಹತ್ತಿರವೂ ಸರಿಯಾದ ಒಂದು ಕೋಟು ಇರಲಿಲ್ಲ. ಎಷ್ಟು ಖುಷಿಯಾಗಿದ್ದೆವು ಗೊನಾರಿ, ನಾಚಿಕೆಯಾಗುವಷ್ಟು.

ಜಾಣತನ ಮಾಡಬೇಡ. ಸೂಟು ಹಾಕಬೇಡ. ಮಾತು ಕಡಿಮೆ ಮಾಡು.

ಮಿಂತೋನಿಯಾ


ಲೋಡುಲೆ
24 ಜನವರಿ 1999

ಮಿಂತೋನಿಯಾ,

ಆಪರೇಷನ್ ಆಯಿತು, ನೀನು ಆಗಲೇ ನರ್ಸುಗಳ ಜೊತೆ ಜಗಳ ಶುರುಮಾಡಿದ್ದೀಯ ಎಂದು ಕಿಸ್ಕೆದ್ದಾ ಹೇಳಿದಳು. ಸಂತೋಷ. ಇಲ್ಲಿ ನಾನು ಮಾಡಿದ್ದನ್ನು ಅವಳು ಫೋನಿನಲ್ಲಿ ಹೇಳಿರಲೂಬಹುದು. ಆದರೂ ನನ್ನ ಬಾಯಿಂದ ಕೇಳು.

ಬಂದ ಮೊದಲ ದಿನ ಹೊರಗೆ ಹೋಗಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಸಂತ ಅಂತೋನಿಯ ಹಬ್ಬದ ಬೆಂಕಿ. ಕಿಟಕಿಯಿಂದ ನೋಡಿದೆ, ಚೌಕದಲ್ಲಿ ಜನ ಕಟ್ಟಿಗೆಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ಅಧ್ಯಕ್ಷನಾಗಿದ್ದಾಗ ಪ್ರತಿ ವರ್ಷ ಯಾವುದೋ ಒಂದು ಊರಿನ ಬೆಂಕಿ ನಾನೇ ಹೊತ್ತಿಸುತ್ತಿದ್ದೆ, ಕ್ಯಾಮರಾಗಳ ಮುಂದೆ. ನಮ್ಮೂರಿನ ಬೆಂಕಿಯ ಹೊಗೆ ಮೂಗಿಗೆ ಬಂದಾಗ ಮಾತ್ರ ಕುಳಿತಿರಲು ಆಗಲಿಲ್ಲ. ಹಳೆಯ ಕಾರ್ಡುರಾಯ್ ಕೋಟು ಹಾಕಿಕೊಂಡು, ನೇರವಾಗಿ ಬಾರಿಗೆ ಹೋದೆ.

ಒಳಗೆ ಏಳೆಂಟು ಜನ. ಬೊಬೊರೆ ಕೌಂಟರಿನ ಕೊನೆಯಲ್ಲಿ, ಟೋಪಿ ಹಾಕಿಕೊಂಡೇ. ಎಷ್ಟು ಮುದುಕನಾಗಿದ್ದಾನೆ. ನಾನು ಒಳಗೆ ಕಾಲಿಟ್ಟೆ, ಮಾತು ನಿಂತಿತು. ನಮಸ್ಕಾರ ಅಂದೆ. ಇಬ್ಬರು ತಲೆಯಾಡಿಸಿದರು. ಯಾರಾದರೂ ಕೇಳುತ್ತಾರೆ ಎಂದು ನಿಂತೆ. ಯಾರೂ ಕೇಳಲಿಲ್ಲ. ಎಲ್ಲರೂ ಬೊಬೊರೆಯ ಕಡೆ ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದರು. ಅವನು ತನ್ನ ಗ್ಲಾಸಿನಲ್ಲಿ ಏನೋ ಬಿದ್ದಿದೆಯೇನೋ ಎಂಬ ಹಾಗೆ ಅದನ್ನೇ ನೋಡುತ್ತಿದ್ದ.

ಆಗ ನನ್ನ ಕೈ ಜೇಬಿಗೆ ಹೋಯಿತು ಮಿಂತೋನಿಯಾ. ಇಷ್ಟು ವರ್ಷ ಎಲ್ಲಿ ಹೋದರೂ, ಯಾವ ಊರಿನ ಯಾವ ಬಾರಿಗೆ ನುಗ್ಗಿದರೂ, ಜನ ಸುಮ್ಮನಾದರೆ ನಾನು ಮಾಡುತ್ತಿದ್ದದ್ದು ಒಂದೇ. ಬಾಯಿಂದಲೂ ಅದೇ ಹಳೆಯ ದನಿ ಹೊರಬಿತ್ತು: "ಕಿಸ್ಕೆದ್ದಾ, ಎಲ್ಲರಿಗೂ ಒಂದೊಂದು, ನನ್ನ ಲೆಕ್ಕಕ್ಕೆ."

ಅವಳು ನನ್ನನ್ನು ಹೇಗೆ ನೋಡಿದಳೆಂದರೆ, ನೀನಿದ್ದಿದ್ದರೂ ಹಾಗೇ ನೋಡುತ್ತಿದ್ದೆ. ಆದರೂ ಬಗ್ಗಿಸಿದಳು, ಪಾಪ. ಗ್ಲಾಸುಗಳನ್ನು ಸಾಲಾಗಿ ಇಟ್ಟಳು. ಯಾರೂ ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಮರಗೆಲಸದ ಬಾಂತಿನೆ ಮೆಲ್ಲಗೆ, "ಚುನಾವಣೆ ಯಾವಾಗಂತೆ?" ಅಂದ. ಯಾರೋ ನಕ್ಕರು. ಬೊಬೊರೆ ನಗಲಿಲ್ಲ. ತನ್ನ ಗ್ಲಾಸು ಮುಗಿಸಿ, ನನ್ನ ಪಕ್ಕದಿಂದಲೇ, ಬಾಗಿಲಿನ ಪಕ್ಕದ ಕುರ್ಚಿಯನ್ನು ದಾಟುವ ಹಾಗೆ ದಾಟಿ ಹೊರಗೆ ಹೋದ.

ನಾನು ನನ್ನೂರಿನಲ್ಲಿ ಪರವೂರಿನವನ ಹಾಗೆ ನಡೆದುಕೊಂಡೆ. ಅವರು ನನ್ನನ್ನು ಹೊರಗಿಟ್ಟರೋ ಬಿಟ್ಟರೋ, ನಾನೇ ಹೊರಗೆ ಹೋಗಿ ನಿಂತೆ. ಕಾಲ್ಯಾರಿಯ ಮನೆಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ವಾಪಸ್ಸು ಹೋಗುವುದೇ ಸರಿಯೇನೋ. ಇದನ್ನು ನಿನಗೆ ಬರೆಯುವಾಗ ಅಳು ಬರುತ್ತಿದೆ, ಮರೆಮಾಡಿ ಏನು ಮಾಡಲಿ.

ಗೊನಾರಿಯೊ


ತುರಿನ್
10 ಫೆಬ್ರವರಿ 1999

ಗೊನಾರಿ,

ನಿನ್ನ ಕಾಗದವನ್ನು ಹಾಸಿಗೆಯಲ್ಲಿ ಓದಿದೆ. ಗ್ಲಾಸುಗಳು ಸಾಲಾಗಿ ನಿಂತ ಜಾಗಕ್ಕೆ ಬಂದಾಗ ಎಷ್ಟು ಜೋರಾಗಿ ಬೈದೆನೆಂದರೆ ನರ್ಸು ಓಡಿಬಂದಳು. "ಸಾರ್ಡೀನಿಯಾದವರೆಲ್ಲ ಹೀಗೇನಾ?" ಎಂದು ಕೇಳಿದಳು. "ಇಲ್ಲಮ್ಮ, ಒಬ್ಬ ಮಾತ್ರ ಇದಕ್ಕಿಂತ ಕಡೆ" ಅಂದೆ. ಆಮೇಲೆ ನಗು ಬಂತು, ಹೊಲಿಗೆ ಹಿಡಿದುಕೊಂಡು ನಕ್ಕೆ. ಬಾಂತಿನೆಯ ಮಾತಿಗೆ ಅಪ್ಪನಿದ್ದಿದ್ದರೆ ಒಂದು ಬಾಟಲಿ ಬಿಟ್ಟಿ ಕೊಡುತ್ತಿದ್ದರು.

ವಾಪಸ್ಸು ಹೋಗುವ ಮಾತು ಎತ್ತಬೇಡ. ಹೋದರೆ ಕಾಲ್ಯಾರಿಯ ಆ ಮನೆಯಲ್ಲಿ ಟೀವಿ ನೋಡುತ್ತಾ ಸಾಯುತ್ತೀಯ, ನಿನ್ನ ಪಕ್ಷದ ಹುಡುಗರು ದೊಡ್ಡ ಹೂಗುಚ್ಛ ತರುತ್ತಾರೆ. ಅದು ಬೇಕಾ ನಿನಗೆ?

ಈಗ ಕೇಳು, ಪಕ್ಷದ ಹಳೆಯ ಕಾರ್ಯದರ್ಶಿಯ ಸಲಹೆ. ನೀನು ಯಾವಾಗಲೂ ಯಾರಾದರೂ ನಿನ್ನನ್ನು ಕರೆಯಲಿ ಎಂದು ಬಾಗಿಲಲ್ಲಿ ನಿಲ್ಲುತ್ತೀಯ. ನಿಲ್ಲಬೇಡ. ಸಂಜೆ ಕಿಸ್ಕೆದ್ದಾ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಒಳಗೆ ಕೂತಿರು. ಬೊಬೊರೆ ಎಲ್ಲರಿಗಿಂತ ಮೊದಲು ಬರುತ್ತಾನೆ, ಕುರಿ ಕೊಟ್ಟಿಗೆಗೆ ಹಾಕಿದ ಕೂಡಲೇ. ಅವನು ಒಳಗೆ ಬಂದಾಗ ಒಳಗಿರುವವನು ನೀನು. ಕುಂಬಿದು ನಿನ್ನದಾಗುತ್ತದೆ. "ಏನು ತಗೋತೀಯ" ಎಂದು ನೀನು ಕೇಳಬೇಕು, ಅವನು ಬೇಡ ಎನ್ನುವಂತಿಲ್ಲ. ಹುಟ್ಟಿದಾಗಿನಿಂದ ಅವನು ಆ ಕ್ರಮ ಮುರಿದವನಲ್ಲ, ನಿನಗಾಗಿಯೂ ಮುರಿಯುವುದಿಲ್ಲ. ಅವನು ನಿನ್ನ ಕೈಯಿಂದ ಒಂದು ಗ್ಲಾಸು ಕುಡಿದರೆ ಸಾಕು, ಮರುದಿನ ಊರೆಲ್ಲ ನಿನ್ನ ಜೊತೆ ಕುಡಿಯುತ್ತದೆ.

ಇದು ಮೋಸವಲ್ಲ. ಸಭೆಯಲ್ಲಿ ನಾವು ಇದಕ್ಕಿಂತ ದೊಡ್ಡ ಮಸೂದೆಗಳನ್ನು ಇದಕ್ಕಿಂತ ಸಣ್ಣ ಉಪಾಯದಲ್ಲಿ ಪಾಸು ಮಾಡಿಸಿದ್ದೇವೆ.

ಇಲ್ಲಿ ಕಿಟಕಿಯಿಂದ ಒಂದು ಗೋಡೆ ಕಾಣುತ್ತದೆ. ಸಂಜೆಯ ಹೊತ್ತು ನಮ್ಮ ಬಾರಿನ ಸದ್ದು ಬಹಳ ನೆನಪಾಗುತ್ತದೆ, ಅದರಲ್ಲೂ ಚಳಿಗಾಲದಲ್ಲಿ ಜನ ಬಾಗಿಲಲ್ಲಿ ಬೂಟು ಕೊಡವುವ ಸದ್ದು. ನಾನು ಬರುವಾಗ ನೀನು ಅಲ್ಲಿರಬೇಕು. ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ.

ಮಿಂತೋನಿಯಾ


ಲೋಡುಲೆ
3 ಮಾರ್ಚ್ 1999

ಮಿಂತೋನಿಯಾ,

ನಿನ್ನ ಸಲಹೆಯಂತೆಯೇ ಮಾಡಿದೆ, ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗೆ ನೀನು ಬೈಯುತ್ತೀಯ, ಪೂರ್ತಿ ಓದಿ ಬೈಯಿ.

ಧೈರ್ಯ ಮಾಡಲು ಇಷ್ಟು ದಿನ ಹಿಡಿಯಿತು. ನಿನ್ನೆ ಸಂಜೆ ಕಿಸ್ಕೆದ್ದಾ ಬಾಗಿಲು ತೆಗೆಯುವಾಗ ಹೋಗಿ ಕೂತೆ. "ಇವತ್ತು ಜೇಬಿಗೆ ಕೈ ಹಾಕಿದ್ರೆ ಬೆರಳು ಕತ್ತರಿಸ್ತೀನಿ" ಅಂದಳು. ನಿನ್ನ ತಂಗಿಯೇ ಸರಿ. ಏನೂ ತಗೊಳ್ಳಲಿಲ್ಲ, ಸುಮ್ಮನೆ ಕೂತೆ. ಬಾಗಿಲಲ್ಲಿ ಬೂಟು ಕೊಡವುವ ಸದ್ದಾಯಿತು. ಬೊಬೊರೆ ಒಳಗೆ ಬಂದ. ನಾನು, ಅವನು, ಕಿಸ್ಕೆದ್ದಾ, ಮೂವರೇ.

ನನ್ನನ್ನು ನೋಡಿ ನಿಂತ. ಒಳಗಿರುವವನು ನಾನು, ಬಂದವನು ತಾನು ಎಂಬುದು ಅವನಿಗೆ ಆ ಕ್ಷಣವೇ ಅರ್ಥವಾಯಿತು. ಮುಖ ನೋಡಿ ತಿಳಿಯಿತು ನನಗೆ. ಹಿಂದಕ್ಕೆ ಹೋಗುವಂತಿಲ್ಲ, ಬೇಡ ಎನ್ನುವಂತಿಲ್ಲ. ಕೌಂಟರಿನವರೆಗೆ ಬಂದು, ಎರಡೂ ಕೈ ಅದರ ಮೇಲಿಟ್ಟು, ನಾನು ಕೇಳುವುದನ್ನೇ ಕಾಯುತ್ತಾ ನಿಂತ. ಕಸಾಯಿಯ ಮುಂದೆ ನಿಂತ ಕುರಿಯ ಹಾಗೆ ಕಂಡ.

ಮಿಂತೋನಿಯಾ, ನನಗೆ ಕೇಳಲು ಆಗಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ ಎಂದ ರೋಮಿನವರ ಎದುರಿಗೆ ನಾನೂ ಇವನ ಹಾಗೆಯೇ ಕೂತಿದ್ದೆ. ಆಮೇಲೆ ಅದೇ ವಿದ್ಯೆಯನ್ನು ಕಲಿತು ಏಳು ವರ್ಷ ನಮ್ಮವರ ಮೇಲೆಯೇ ನಡೆಸಿದೆ, ಬೇಡ ಎನ್ನಲಾಗದ ಜಾಗದಲ್ಲಿ ಜನರನ್ನು ನಿಲ್ಲಿಸಿ, ಅವರು ಹೂಂ ಅಂದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡೆ. ಬೊಬೊರೆಯಿಂದ ಹಾಗೆ ಬರುವ ಹೂಂ ನನಗೆ ಬೇಡ ಅನ್ನಿಸಿತು.

ಕಿಸ್ಕೆದ್ದಾ ಕೌಂಟರು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದಳು. ಒಳಗಿದ್ದೂ ಕೊಡಿಸದವನನ್ನು ಅವಳು ಜೀವಮಾನದಲ್ಲಿ ಕಂಡಿರಲಿಕ್ಕಿಲ್ಲ. ಇವತ್ತು ಊರಿಗೆಲ್ಲ ಗೊತ್ತಾಗಿದೆ.

ಕೊನೆಗೆ ಬೊಬೊರೆಯೇ ಬಾಯಿಬಿಟ್ಟ. "ಕೇಳಲ್ವೇನೋ?"

"ಇಲ್ಲ."

"ಯಾಕೆ?"

"ಕೇಳಿದ್ರೆ ನೀನು ಬೇಡ ಅನ್ನೋ ಹಾಗಿಲ್ಲ. ಅದಕ್ಕೆ."

ಅವನು ಕೌಂಟರಿನಿಂದ ಕೈ ತೆಗೆದ. ಆಮೇಲೆ ಕಿಸ್ಕೆದ್ದಾಗೆ ತನಗೊಂದು ವೈನು ಹೇಳಿ, ಅವನೂ ಕ್ರಮ ಮುರಿದು, ದುಡ್ಡು ತಾನೇ ಇಟ್ಟ. ಕುಡಿಯುತ್ತಾ, ನನ್ನ ಕಡೆ ತಿರುಗದೆ ಹೇಳಿದ: "ಮಗೂಗೆ ಹೆಸರಿಟ್ಟಿದ್ವಿ. ವ್ಯಾನಲ್ಲೇ ಇಟ್ಟಿದ್ದು. ಅನ್ನೆದ್ದಾ ಇಟ್ಟಳು. ಇಷ್ಟು ವರ್ಷದಲ್ಲಿ ಏನು ಹೆಸರು ಅಂತ ಒಬ್ಬರೂ ಕೇಳಿಲ್ಲ."

"ಏನು ಹೆಸರು ಬೊಬೊರೆ?"

"ಬೊನಾರಿಯಾ."

ನಾನು ಆ ಹೆಸರನ್ನು ಒಂದು ಸಲ ಹೇಳಿದೆ. ಅಷ್ಟೇ ಆದದ್ದು. ಹಡಗಿನ ಮಾತು ಎತ್ತಲಿಲ್ಲ, ಅಣ್ಣನ ಮಾತೂ ಎತ್ತಲಿಲ್ಲ, ಕ್ಷಮಿಸು ಎಂದೂ ಅನ್ನಲಿಲ್ಲ. ಅಂದಿದ್ದರೆ ಅದಕ್ಕೂ ಅವನು ಏನಾದರೂ ಉತ್ತರ ಕೊಡಬೇಕಾಗುತ್ತಿತ್ತು. ಅವನು ಗ್ಲಾಸು ಮುಗಿಸಿದ. ಹೊರಗೆ ಬೇರೆಯವರು ಬರುವ ಸದ್ದು ಕೇಳುತ್ತಿತ್ತು. ಬಾಗಿಲವರೆಗೆ ಹೋಗಿ, ಟೋಪಿ ಸರಿಮಾಡಿಕೊಂಡು, ಬೆನ್ನು ಹಾಕಿಕೊಂಡೇ ಅಂದ:

"ನಾಳೆ ನಾನು ಮೊದಲೇ ಬಂದು ಕೂತಿರ್ತೀನಿ. ನೀನು ಆಮೇಲೆ ಬಾ."

ಈಗ ಮಧ್ಯಾಹ್ನ. ಊಟ ಸೇರಲಿಲ್ಲ. ಇದನ್ನು ಅಂಚೆಗೆ ಹಾಕಿ ಬಂದು, ಕೋಟು ಹಾಕಿಕೊಂಡು ಸಂಜೆಯಾಗುವುದನ್ನು ಕಾಯುತ್ತೇನೆ.

ಗೊನಾರಿಯೊ